ಸಂಪು ತುಂಬುವ ಹೊತ್ತು

ಮಂಗಳವಾರ ಕೆರೆಕೋಡಿ, ಶುಕ್ರವಾರ ಮೇಲಿನಹಟ್ಟಿ.
ಒಂದೇ ಟ್ಯಾಂಕರು, ಎರಡು ಸರ್ಕಾರಿ ಶಾಲೆ,
ನಡುವೆ ಒಂದೂವರೆ ಕಿಲೋಮೀಟರು, ಲೇಔಟಿನದೊಂದು ಕಮಾನು.
ಆನೇಕಲ್ ರಸ್ತೆ ದಾಟಿದರೆ ಬೆಂಗಳೂರು ಇನ್ನೂ ಹಳ್ಳಿಯೇ.
ಪೈಪು ಇಳಿಬಿಟ್ಟ ಮೇಲೆ
ಇಪ್ಪತ್ತು ನಿಮಿಷ ನನಗೆ ಕೆಲಸವಿಲ್ಲ.
ಕಿಟಕಿಯಾಚೆ ನಿಂತು ನಾನೂ ಒಂದನೇ ಕ್ಲಾಸು.

ಈ ಜೂನಿಗೆ ಮಗಳಿಗೆ ಆರು.
"ಎರಡೂ ಕಡೆ ಹೋಗೋನು ನೀನು, ನೋಡ್ಕೊಂಡು ಬಾ"
ಎಂದಳು ಮುನಿರತ್ನ, ಗಾರ್ಮೆಂಟ್ಸಿನ ವ್ಯಾನು ಹತ್ತುತ್ತ.
ಸೌತೆಕಾಯಿಯಾದರೆ ತುದಿ ಕಚ್ಚಿ ನೋಡಬಹುದು.
ಶಾಲೆಯನ್ನು?

ಕೆರೆಕೋಡಿಯದು ಹೊಸ ಕಟ್ಟಡ.
ಯಾವುದೋ ಕಂಪನಿ ಗೋಡೆಗೆಲ್ಲ ರೈಲು ಬರೆಸಿದೆ,
ಬಾಗಿಲೇ ಬೋಗಿಯ ಬಾಗಿಲು.
ಟಿವಿ ಇದೆ, ಮೇಲೊಂದು ಟವೆಲು ಹೊದ್ದಿದೆ.
ಇಂಗ್ಲಿಷ್ ಸೆಕ್ಷನ್ನು, ಅರವತ್ಮೂರು ಮಕ್ಕಳು,
ಪದ್ಮಾಂಬಿಕೆ ಮೇಡಂ ಒಬ್ಬರೇ.
ಬಾಯಲ್ಲಿ ಮಗ್ಗಿ, ಕೈಯ ಫೋನಿನಲ್ಲಿ ಮೊಟ್ಟೆಯ ಲೆಕ್ಕ ಅಪ್‌ಲೋಡು.
ಹಿಂದಿನ ಸಾಲಿನ ಹುಡುಗಿಯೊಬ್ಬಳು ಸ್ಲೇಟಿನಲ್ಲಿ
ಚೆಂದದೊಂದು 'ಳ' ಬರೆದು ಎತ್ತಿ ಹಿಡಿದಳು.
ಸಂಪು ಅರ್ಧ ತುಂಬುವವರೆಗೂ ಹಿಡಿದೇ ಇದ್ದಳು.
ಕಡೆಗೆ ಕಿಟಕಿಯತ್ತ ತಿರುಗಿಸಿದಳು.
ನಾನು ತಲೆಯಾಡಿಸಿದೆ.
ಟ್ಯಾಂಕರಿನವನ ರೈಟು ಯಾವ ಪುಸ್ತಕಕ್ಕೆ ಸೇರುತ್ತೆ?

ಮೇಲಿನಹಟ್ಟಿಯದು ಹೆಂಚಿನದು.
ಒಂಬತ್ತು ಮಕ್ಕಳು, ಇಬ್ಬರು ಕಲಿಸುವವರು.
ಅವರಲ್ಲಿ ರೋಣದ ಕಡೆಯ ಇಮಾಮಸಾಬ್ ಮೇಷ್ಟ್ರ ದೆಸೆಯಿಂದ
ಮನೆಯಲ್ಲಿ ತೆಲುಗಾಡುವ ಮಕ್ಕಳೂ
"ಹೌದ್ರೀ ಸರ" ಎನ್ನುತ್ತವೆ.
ಕಬಡ್ಡಿಗೆ ಆಳು ಸಾಲದೆ
ಅಡುಗೆಯ ಪಿಳ್ಳಮ್ಮ ಸೆರಗು ಸಿಕ್ಕಿಸಿ ಎದುರು ಪಕ್ಷ.
ಯಾರ ಹಲ್ಲು ಯಾವತ್ತು ಬಿತ್ತೆಂದು ಮೇಷ್ಟ್ರಿಗೆ ಗೊತ್ತು.
ಹತ್ತು ಮಕ್ಕಳಿಲ್ಲದಿದ್ದರೆ ಕೆಳಗಿನ ಶಾಲೆಗೆ ಸೇರಿಸ್ತಾರಂತೆ,
ಊರಲ್ಲಿ ಮಾತು.
"ನಿಮ್ಮ ಮಗಳಿಗೆ ಎಷ್ಟು ವರ್ಷ್ರೀ?"
ಮೂರು ಶುಕ್ರವಾರ ಕೇಳಿದರು.
ಅದಕ್ಕಿಂತ ಒಂದು ಮಾತು ಹೆಚ್ಚು ಕೇಳಲಿಲ್ಲ.

ರಾತ್ರಿ ಟ್ರಿಪ್ ಶೀಟಿನ ಹಿಂದೆ ಗೆರೆ ಎಳೆದೆ.
ಈಚೆ ಇಂಗ್ಲಿಷು, ಆಚೆ ಮೇಷ್ಟ್ರು.
ಈಚೆ ರೈಲು, ಆಚೆ ಹುಣಸೆಬೀಜದ ಲೆಕ್ಕ.
ಮುನಿರತ್ನ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.
"ಮೇಲ್ಗಡೆ ಶಾಲೇಲಿ ಕಕ್ಕಸಿಗೆ ಈಗ್ಲೂ ಬೀಗವಾ?"
ಹೌದು. ಹೆಣ್ಣುಮಕ್ಕಳು ಪಿಳ್ಳಮ್ಮನ ಮನೆಗೆ ಓಡುತ್ತವೆ.
"ನಾನು ಅಲ್ಲೇ ಅಲ್ವಾ ಓದಿದ್ದು.
ಬೆಳಗಿಂದ ನೀರು ಕುಡೀದೆ ಇರೋದನ್ನ
ಮಗ್ಗಿಗಿಂತ ಮೊದಲು ಕಲಿತೆ."

ಹನ್ನೊಂದು ವರ್ಷದಿಂದ ನೀರು ಹೊಡೆಯುತ್ತಿದ್ದೇನೆ.
ಎಷ್ಟು ಲೀಟರು ಅಂತ ಬರೆದಿಟ್ಟಿದ್ದೇನೆ.
ಯಾರು ಕುಡಿಯಲಿಲ್ಲ ಅಂತ
ಆ ಬಿಲ್ಲಿನಲ್ಲಿ ಕಾಲಮ್ಮೇ ಇಲ್ಲ.
ಗೆರೆ ಎಳೆದ ಹಾಳೆ ಮಡಚಿದೆ.

ಶುಕ್ರವಾರ ಬೀಗದ ಕೈ ಕೇಳಿದೆ.
ಪಂಚಾಯ್ತಿಯಲ್ಲಿ ಎಂದರು, ಪಂಚಾಯ್ತಿಯವರು ಶಾಲೆಯಲ್ಲಿ ಎಂದರು.
ಜಾಕಿಯ ರಾಡು ಸಾಕಾಯಿತು.
ಒಳಗೆ ಜೇಡರಬಲೆ, ಹೊಸದೇ ಪಿಂಗಾಣಿ,
ಒಮ್ಮೆಯೂ ನೀರು ಕಾಣದ ನಲ್ಲಿ.
ಸಂಪಿನಿಂದ ಅಲ್ಲಿಗೆ ಬರೀ ಇಪ್ಪತ್ತೆರಡು ಅಡಿ.
ಗಾಡಿಯ ಹಳೇ ಪೈಪು ಕತ್ತರಿಸಿ ಎಳೆಯುವಾಗ
ಒಂಬತ್ತೂ ಮಕ್ಕಳು ಪೈಪು ಹಿಡಿದು ನಿಂತವು,
ಹಾವು ಹಿಡಿದವರ ಹಾಗೆ.

ಸೇರಿಸುವುದು ಎಲ್ಲಿಗೆ, ಇನ್ನೂ ತೀರ್ಮಾನವಾಗಿಲ್ಲ.
ಸ್ಲೇಟು ಎತ್ತಿ ಹಿಡಿದವಳು ಬೇರೆ ಕಣ್ಣಿಗೆ ಬರುತ್ತಾಳೆ.
ಮೇಷ್ಟ್ರು ಕೈ ತೊಳೆಯಲು ನೀರು ಹಾಕುತ್ತ,
"ವರ್ಷ ಎಷ್ಟಂದ್ರಿ?"
ಆರು, ಎಂದೆ.
ನಾಲ್ಕನೇ ಸಲ.