ಸುಣ್ಣಕ್ಕೆ ಬೆಲ್ಲ

ಬಾದಾಮಿಯ ಬಡಗಣ ಕೋಟೆ. ಕುಸಿದ ಕೊತ್ತಲದ ನೆರಳಿಗೆ ಕೂತು
ಗಿಡ್ಡವ್ವ ಪಾತ್ರೋಟ ಸುಣ್ಣ ಕಲಸುತ್ತಾಳೆ.
ಅಳಲೆಕಾಯಿ ನೆನೆದ ನೀರು, ಹುಳಿತ ಬೆಲ್ಲ,
ಹನ್ನೆರಡು ದಿನದ ನಾತ.
ಎದುರಿಗೆ ಓಡೆಟ್, ಏಳು ಕಡಲಾಚೆಯ ದ್ವೀಪದವಳು,
ಹಳೇ ಗೋಡೆಗಳಿಗೆ ಮದ್ದು ಬಲ್ಲವಳು.
ನಡುವೆ ನಾನು,
ಗುಳೇದಗುಡ್ಡದ ಇಂಗ್ಲಿಷ್ ಮಾಸ್ತರ,
ಎರಡು ದಿನ ರಜೆ ಹಾಕಿ ಬಂದ ದುಭಾಷಿ.

ವೆಸ್ಟ್ ಇಂಡೀಸಿನವರು, ಅಂದೆ.
ಗಿಡ್ಡವ್ವ ಕಣ್ಣರಳಿಸಿದಳು:
"ಗೊತ್ತೈತಿ. ನಮ್ಮಾಂವ ರೇಡಿಯೋ ಕಿವೀಗೆ ಹಿಡಕೊಂಡು
ಉಣ್ಣೂದ ಬಿಡತಿದ್ದ ಅವರ ಸಲುವಾಗಿ."

ನಮ್ಮಲ್ಲೂ ಇಂಥದೇ ಗುಡ್ಡ, ಎಂದಳು ಓಡೆಟ್.
ಗಾಳಿ ತಿರುಗಿದರೆ ಗಂಧಕದ ವಾಸನೆ.
ಅದರದೇ ಪಕ್ಕೆ ಸೀಳಿ, ಅಲ್ಲೇ ಸುಟ್ಟು, ಅಲ್ಲೇ ಮೆತ್ತಿ
ನೂರು ವರ್ಷ ಕಟ್ಟಿದರು ಕೋಟೆ.
ಕಾಯಬೇಕಿದ್ದದ್ದು ಸಕ್ಕರೆ.
ಕಟ್ಟಿದವರು...

ಇಲ್ಲಿ ಎಡವಿದೆ.
ಗುಲಾಮರು, ಎಂದೆ. ಆಕೆಗದು ಇಸ್ಪೀಟಿನ ಎಲೆ.
ಆಳುಗಳು, ಎಂದೆ. "ಪಗಾರ ಎಷ್ಟ ಕೊಡತಿದ್ರು?"
ಜೀತದವರು. "ಸಾಲ ಎಷ್ಟಿತ್ತು ಪಾಪ?"
ಸಾಲವಿಲ್ಲ, ಪಗಾರವಿಲ್ಲ,
ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದು ಮಾರಿದರು,
ಹುಟ್ಟಿದ ಕೂಸೂ ಧಣಿಯ ಲೆಕ್ಕಕ್ಕೆ,
ಇಷ್ಟುದ್ದ ಬೇಕಾಯಿತು ಒಂದು ಶಬ್ದಕ್ಕೆ.
ಸಲಿಕೆ ನಿಂತಿತು.
"ದನದ ಸಂತಿ," ಅಂದಳು.
ಅದನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ.
ಓಡೆಟ್ ನನ್ನ ಮುಖ ನೋಡಿದಳು, ಕೇಳಲಿಲ್ಲ.

ಆಮೇಲೊಂದು ನಗೆಯ ಮಾತು.
ಫ್ರೆಂಚರ ಹಡಗುಗಳು ಬಂದ ವರ್ಷ
ಹೊಸ ತೋಪುಗಳೆಲ್ಲ ಗುಡ್ಡದ ಬುಡದಲ್ಲೇ ಬಿದ್ದಿದ್ದವಂತೆ.
ಮೇಲೆಳೆಯಲು ಆಳು ಕೊಡಲಿಲ್ಲ ಕಬ್ಬಿನ ಧಣಿಗಳು.
ಬಂದವರು ಅವನ್ನೇ ತಿರುಗಿಸಿಟ್ಟು
ಮೇಲಕ್ಕೆ ಹೊಡೆದರು.
ಗಿಡ್ಡವ್ವ ನಕ್ಕಳು, ಬಾಯಿಗೆ ಹಿಡಿದ ಸೆರಗೆಲ್ಲ ಸುಣ್ಣ.
ಇಲ್ಲಿಯ ತೋಪಿನ ಮೇಲೆ ಮಂಗವೊಂದು
ಮರಿಯ ಹೇನು ಹೆಕ್ಕುತ್ತಿತ್ತು.
"ನಮ್ಮ ಮಂದಿ ಒಲ್ಲೆ ಅಂದಿದ್ರ
ಇದೂ ಹೊಂಡದ ದಂಡ್ಯಾಗ ಬಿದ್ದಿರತಿತ್ತು, ಹೇಳ್ರಿ ಆಕೀಗಿ."
ಹೇಳಿದೆ.

ಓಡೆಟ್ ಕಿರುಬೆರಳು ಅದ್ದಿ ನಾಲಿಗೆಗಿಟ್ಟಳು.
ನಾನು ಬೇಡ ಅನ್ನುವಷ್ಟರಲ್ಲಿ ಗಿಡ್ಡವ್ವನೂ.
ಸುಣ್ಣದವರು ಹದ ನೋಡುವುದು ಹಾಗೆಯೇ.
ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಉಗುಳಿದರು.
ನಮ್ಮ ಅಜ್ಜಿಯರ ಪ್ರಕಾರ, ಎಂದಳು ಓಡೆಟ್,
ಅಲ್ಲಿಯ ಗಾರೆಗೆ ಬೆರೆಸಿದ್ದು ಕಾಕಂಬಿ.
"ಮುಧೋಳದಾಗ ಎರಡು ಹಂಗಾಮು ಕಬ್ಬು ಕಡದೀನಿ,
ಆ ನಾತ ಸೀರಿ ಬಿಡೂದುಲ್ರೀ ಯವ್ವಾ,"
ಎನ್ನುತ್ತ ತನ್ನ ಮೊಣಕೈಯ ಗೆರೆಗಳನ್ನು ತೋರಿದಳು,
ಕಬ್ಬಿನ ಗರಿ ಕೊಯ್ದದ್ದು.
ಇದಕ್ಕೆ ದುಭಾಷಿ ಬೇಕಾಗಲಿಲ್ಲ.
ನಾನು ನನ್ನ ಬೂಟಿನ ಧೂಳು ನೋಡುತ್ತ ನಿಂತೆ.

ಸಂಜೆ ಇಳಿಯುವಾಗ
ಕೆಂಪು ಬಂಡೆಗಳ ಇಕ್ಕಟ್ಟಿನಲ್ಲಿ ಓಡೆಟ್ ನಿಂತಳು.
ಕೆಳಗೆ ಹೊಂಡದಲ್ಲಿ ಬಟ್ಟೆ ಒಗೆಯುವ ಸದ್ದು,
ಒಂದು ಏಟು ಬಿದ್ದರೆ ಎರಡು ಕೇಳುತ್ತಿತ್ತು.
"ಆಗ ಆಕೆ ಅಂದದ್ದೇನು?
ನೀವು ನುಂಗಿದಿರಲ್ಲ, ಆ ಮಾತು?"
ಹೇಳಿದೆ. ತಡವರಿಸುತ್ತ,
ಕ್ಷಮೆಯನ್ನೂ ಜೊತೆಗಿಟ್ಟು.
ಸ್ವಲ್ಪ ಹೊತ್ತು ಅವಳು ಕೆಳಗೇ ನೋಡುತ್ತಿದ್ದಳು.
"ಸರಿಯಾಗೇ ಹೇಳಿದಳು," ಅಂದಳು.
"ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು."