ಸಾಮಾನಿನ ಖೋಲಿ

ಚಾವಿ ಸಿಗಲಿಕ್ಕೇ ಏಳು ತಿಂಗಳು ಹಿಡಿಯಿತು.
ಕಿಮೋ ವಾರ್ಡಿನ ಪಕ್ಕ, ಅದು ಸಾಮಾನಿನ ಖೋಲಿ:
ಗಾಲಿ ಮುರಿದ ಸಲೈನ್ ಸ್ಟ್ಯಾಂಡು,
ಅವಧಿ ಮುಗಿದ ಕೈಗವಸಿನ ಡಬ್ಬಿಗಳು,
ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ.
ಶಹಾಬಾದಿ ಫರಸಿ ಮೂರು ಸಲ ತೊಳೆದ ಮೇಲೆ
ಬೂದಿಯೊಳಗಿಂದ ತುಸು ನೀಲಿ ಕಂಡಿತು.
ಒಂದು ಮಂಚ, ಒಂದು ಚಾಪೆ, ಎಣ್ಣೆಗೊಂದು ಬೋಗುಣಿ.
ಕಲಬುರಗಿಯ ಏಪ್ರಿಲ್ಲಿಗೆ
ಕಿಟಕಿಗೆ ನೀರು ಚಿಮುಕಿಸಿದ ಖಸ್ ತಟ್ಟಿ.

ಹವಾಲ್ದಾರ ಡಾಕ್ಟರು ಷರತ್ತು ಬರೆದುಕೊಟ್ಟರು,
ಔಷಧಿ ಚೀಟಿಯ ಹಿಂಬದಿಗೇ:
ಔಷಧ ಬಿಡಿಸಬಾರದು. ಕಷಾಯ ಕುಡಿಸಬಾರದು.
ಕರೆಂಟು ಕೊಟ್ಟ ಚರ್ಮಕ್ಕೆ ಎಣ್ಣೆ ತಾಗಬಾರದು.
ಪ್ಲೇಟ್‌ಲೆಟ್ ಇಳಿದ ದಿನ ಒತ್ತಬಾರದು.
ಕೆಳಗೆ ಗೆರೆ ಎಳೆದು:
ಗುಣ ಎಂಬ ಶಬ್ದ ಆ ಖೋಲಿಯೊಳಗೆ ಬರಬಾರದು.

ಎಲ್ಲಕ್ಕೂ ಹ್ಞೂಂ ಅಂದೆ.
ನನ್ನ ಹತ್ತಿರ ಇದ್ದದ್ದು ಹೈದರಾಬಾದಿನ ಹದಿನೈದು ದಿನದ ತರಬೇತಿ,
ಒಂದು ಸರ್ಟಿಫಿಕೇಟು. ಕೈ ಬೇಕಲ್ಲ?
ರೋಜಾ ಕಡೆಯಿಂದ ಝೈತೂನ್‌ಬೀ ಬಂದಳು,
ಮೂವತ್ತು ವರುಷ ಕೂಸುಗಳಿಗೆ ಎರೆದವಳು.
ಷರತ್ತು ಓದಿ ಹೇಳಿದೆ. ಕೇಳಿ ಅಂದಳು:
"ಕೂಸಿನ ನೆತ್ತಿ ಮುಟ್ಟಿದಾಂಗ ಮುಟ್ಟು ಅಂತಾರ.
ಅಷ್ಟಕ್ಕ ಇಷ್ಟು ಬರದಾರೇನ್ರಿ?"

ಮೊದಲು ಬಂದವರು ಗುರುಲಿಂಗಪ್ಪ,
ಆಳಂದ ರೂಟಿನ ಕಂಡಕ್ಟರು.
ನಾಲಗೆ ಅರ್ಧ ತೆಗೆದಾಗಿತ್ತು, ಮಾತೆಲ್ಲ ಹಾಳೆಯ ಮೇಲೆ.
ಇಪ್ಪತ್ತಾರು ವರುಷ ನಿಂತ ಕಾಲು,
ಈಗ ಅಂಗಾಲು ಜೋಮು. ಫರಸಿ ಹತ್ತುವುದಿಲ್ಲ ಅಂತ ಬರೆದರು.
ಝೈತೂನ್‌ಬೀ ಕೂತಳು. ಅವರು ಕಾಲು ಎಳೆದುಕೊಂಡರು:
ಹಿರಿಯಳು, ಪಾದ ಮುಟ್ಟಿಸಿಕೊಳ್ಳುವುದು ಹ್ಯಾಂಗ?
"ಟಿಕೀಟು ತಗೊಂಡೀನಿ ಸಾಹೇಬ್ರ," ಅಂದಳು,
"ಕುಂದರ್ಲಿಕ್ಕ ಬಿಡ್ರಿ."

ಸಪ್ಪಳಿಲ್ಲದೆ ಒಬ್ಬ ಮನುಷ್ಯ ಅಷ್ಟು ನಕ್ಕಿದ್ದು
ನಾನು ನೋಡಿದ್ದಿಲ್ಲ. ಭುಜ ಮಾತ್ರ ಕುಣಿದವು.
ಆಮೇಲೆ ಒಂದು ಹಿಮ್ಮಡಿ ಕೊಟ್ಟರು.
ತುಸು ತಡೆದು ಇನ್ನೊಂದು.

ಫಾರ್ಮಿನಲ್ಲಿ ನೋವು, ಸೊನ್ನೆಯಿಂದ ಹತ್ತು:
ಮುಂಚೆ ಏಳು. ನಂತರ ಏಳು.
"ಅಂಕಿ ಇಳಿದಿಲ್ಲವಲ್ಲ, ಸಿಸ್ಟರ್?"
ಅಂಚಿನಲ್ಲಿ ಬರೆದದ್ದು ತೋರಿಸಿದೆ,
ಪೆನ್ಸಿಲ್ಲು, ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆಯುವ ಆ ಸಣ್ಣ ಅಕ್ಷರ:
ನಿದ್ದಿ ಹತ್ತಿತ್ತು. ಸ್ಟಾಪು ದಾಟಿತು. ಯಾರೂ ಎಬ್ಬಿಸಲಿಲ್ಲ.
ಡಾಕ್ಟರು ಎರಡು ಸಲ ಓದಿದರು.
ಇದಕ್ಕೆ ಯಾವ ಕಾಲಮ್ಮು, ಅಂದರು.
ನನಗೂ ಗೊತ್ತಿರಲಿಲ್ಲ.

ಐದನೇ ಸೈಕಲ್ಲಿಗೆ ಅವರು ಬರಲಿಲ್ಲ.
ಫೋನು ರಿಂಗಾಗಿ ರಿಂಗಾಗಿ ನಿಂತಿತು.
ಝೈತೂನ್‌ಬೀ ಮಂಗಳವಾರಕ್ಕೊಮ್ಮೆ ಕೇಳುತ್ತಾಳೆ,
"ಟಿಕೀಟಿನ ಮನಷ್ಯಾ?" ನಾನು ತಲೆ ಆಡಿಸುತ್ತೇನೆ,
ಹೌದೂ ಅಲ್ಲ, ಇಲ್ಲವೂ ಅಲ್ಲ. ಅವಳು ಬೋಗುಣಿ ಬಿಸಿ ಮಾಡುತ್ತಾಳೆ.
ಹೊರಗೆ ನಾಲ್ಕು ಜೋಡಿ ಕಾಲು ಕಾಯುತ್ತಿವೆ.

ಆ ಶಬ್ದ ಇನ್ನೂ ಒಳಗೆ ಬಂದಿಲ್ಲ.
ಒಂಟಿ ಚಪ್ಪಲಿ ಮಾತ್ರ ನಾನು ಎಸೆದಿಲ್ಲ,
ತೊಳೆದು ಬಾಗಿಲ ಹಿಂದೆ ಇಟ್ಟೀನಿ,
ಯಾರಾದರೂ ಕೇಳಿಕೊಂಡು ಬಂದರೆ.