ನೀರು ಬರುವ ಹೊತ್ತು

ಸಂಪಿಗೆ ರಸ್ತೆ, ಕನ್ನಡಕದಂಗಡಿಯ ಮೇಲಿನ ಮಹಡಿ.
ಹುಡುಗಿ ಮೇಜಿನ ಮೇಲೆ ನಾಕು ಫೋಟೊ ಹರವಿದಳು,
ಇಸ್ಪೀಟು ಹಾಕುವವಳ ಹಾಗೆ.
ಒಂದೇ ದ್ವೀಪ, ನಾಕು ತೀರ. ನಿಮಗಿರೋದು ಒಂದೂವರೆ ದಿನ.
ಯಾವುದಾದರೂ ಒಂದು ಆರಿಸಿಕೊಳ್ಳಿ ಆಂಟಿ, ಅಂದಳು.

ಅಕ್ಕಿಯಲ್ಲಿ ಕಲ್ಲು ಆರಿಸಿದ್ದೇನೆ,
ಎಲ್ಲರೂ ಮಲಗಿದ ಮೇಲೆ ದೀಪ ಆರಿಸಿದ್ದೇನೆ.
ಸಮುದ್ರ ಆರಿಸು ಅಂತ
ಈ ಐವತ್ತೇಳು ವರ್ಷದಲ್ಲಿ ಯಾರೂ ಅಂದಿರಲಿಲ್ಲ.

ಇವರು ಹೊನ್ನಗಂಗಯ್ಯ, ಜಲಮಂಡಳಿಯಲ್ಲಿ ವಾಲ್ವ್‌ಮನ್.
ಹೋದ ತಿಂಗಳ ಕೊನೆಗೆ ರಿಟೈರು.
ನನ್ನೆತ್ತರದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟು
ಗಾಯತ್ರಿನಗರ, ಮರಿಯಪ್ಪನಪಾಳ್ಯ,
ನಸುಕಿನಲ್ಲಿ ರಸ್ತೆಯ ಮುಚ್ಚಳ ಎತ್ತಿ
ಬಗ್ಗಿ ತಿರುಗಿಸಿದರೆ
ಒಂದು ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು.
ಇನ್ನೊಂದು ಹತ್ತು ನಿಮಿಷ ಬಿಡಪ್ಪ ಗಂಗಯ್ಯ,
ಮಗಳ ಬಾಣಂತನ ಇದೆ ಮನೇಲಿ.
ಬಿಡುತ್ತಿದ್ದರು. ಬೈಸಿಕೊಳ್ಳುತ್ತಿದ್ದರು.
ನಮ್ಮ ಮನೆ ಏರಿನ ತುದಿಗೆ,
ಎಲ್ಲರದೂ ತುಂಬಿದ ಮೇಲೆ ನಮ್ಮ ಬಿಂದಿಗೆ.

ಮೊದಲನೆಯದರಲ್ಲಿ ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತಂತೆ.
ಮುಳುಗೋದು ನೋಡೋಕೆ ಅಷ್ಟು ದೂರ ಯಾಕೆ,
ನಮ್ಮ ಓವರ್‌ಹೆಡ್ ಟ್ಯಾಂಕಿನ ಏಣಿ ಸಾಕು, ಅಂದರು ಇವರು.
ಎರಡನೆಯದರಲ್ಲಿ ಗಾಜಿನ ತಳದ ದೋಣಿ,
ಕೆಳಗೆ ಹವಳ, ಹವಳದ ಸಂದಿಯಲ್ಲಿ
ಅರಿಸಿನದ ಬಣ್ಣದ ಮೀನು. ತಲೆಗೆ ಒಂಬೈನೂರು.
ನನಗೆ ಆಸೆಯಾಯಿತು. ಬಾಯಿ ಬಿಡಲಿಲ್ಲ.
ಮೂರನೆಯದು ರವೆ ಚೆಲ್ಲಿದ ಹಾಗೆ ಬೆಳ್ಳಗೆ.
ಅದು ಜೋಡಿಗಳಿಗೆ, ಅಂತ ಹುಡುಗಿ ತಾನೇ ಬದಿಗೆ ಸರಿಸಿದಳು.
ನಾವೇನು ಒಂಟಿ ಚಪ್ಪಲಿಗಳೇ?
ನಾಕನೆಯದರಲ್ಲಿ ಏನೂ ಇಲ್ಲ.
ಬೇರು ಸಮೇತ ಉರುಳಿದ ಒಂದು ಮರ,
ಅದರಾಚೆ ಕೆಸರು, ಕೆಸರಿನಾಚೆ ಎಲ್ಲೋ ಒಂದು ಗೆರೆ.

ಇವರು ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು:
ಇಲ್ಲಿ ನೀರು ಎಷ್ಟು ಗಂಟೆಗೆ ಬರುತ್ತಮ್ಮ?

ಸಾರ್, ಅದು ಸಮುದ್ರ, ಹುಡುಗಿ ನಗು ತಡೆಯಲಾರದೆ ಫೈಲು ಹುಡುಕಿದಳು.
ನನಗೆ ನಾಚಿಕೆ, ಸೆರಗು ಸರಿಮಾಡಿಕೊಂಡೆ.
ಒಳಗಿನಿಂದ ಮಾಲೀಕರು ಬಂದರು, ಸಾಲಿಯಾನ್ ಅಂತ, ಕಡಲ ಕಡೆಯವರು.
ನೀ ಎಂತ ನಗುವುದು? ಅವರು ಕೇಳಿದ್ದು ಸರಿ ಉಂಟು.
ಅಲ್ಲಿ ನೀರು ಎರಡು ಫರ್ಲಾಂಗು ಹಿಂದೆ ಹೋಗ್ತದೆ,
ದೋಣಿಗಳೆಲ್ಲ ಎಮ್ಮೆಗಳ ಹಾಗೆ ಕೆಸರಲ್ಲಿ ಕೂತಿರ್ತವೆ.
ಆರು ಗಂಟೆ ಬಿಟ್ಟು ವಾಪಸು ಬರ್ತದೆ.
ದಿನಾ ಸುಮಾರು ಐವತ್ತು ನಿಮಿಷ ತಡ.
ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ.

ಇವರ ಬಲಗೈ ಮೇಜಿನ ಮೇಲೆ
ತಾನಾಗಿ ಅರ್ಧ ಸುತ್ತು ತಿರುಗಿತು.
ಯಾರು ಬಿಡೋದು ಅಂತ ಕೇಳಿಯಾರು ಅಂದುಕೊಂಡೆ. ಕೇಳಲಿಲ್ಲ.
ದಿನಾ ಐವತ್ತು ನಿಮಿಷ ಲೇಟು, ಅಂದರು ಮೆಲ್ಲಗೆ,
ಯಾರೂ ಬೈಯಲ್ವಾ?

ಹುಡುಗಿ ರಸೀದಿಗೆ ಪೆನ್ನು ತೆರೆದಳು. ನಾಕನೆಯದಾ ಸಾರ್?
ಒದ್ದೆ ಸೀರೆ ಬದಲಾಯಿಸೋಕೆ ಅಲ್ಲಿ ಜಾಗ ಇದೆಯಾ, ಅಂದೆ.
ಇಲ್ಲ ಆಂಟಿ. ಎರಡನೆಯದರಲ್ಲಿ ಇದೆ.
ಹಾಗಾದರೆ ಎರಡು.
ನನ್ನ ದನಿ ನನಗೇ ಜೋರಾಗಿ ಕೇಳಿತು.
ಇವರು ಒಮ್ಮೆ ನನ್ನ ನೋಡಿದರು, ಒಮ್ಮೆ ಆ ಮರದ ಬೇರು ನೋಡಿದರು.
ಎರಡೇ ಬರಿಯಮ್ಮ. ಅಲ್ಲೂ ಅದೇ ನೀರು ತಾನೆ.

ರಾತ್ರಿ ಮೂರೂವರೆಗೆ ಬಚ್ಚಲ ನಲ್ಲಿ ಸುಯ್ಯೆಂದಿತು,
ನೀರಿಗೆ ಮುಂಚಿನ ಗಾಳಿ.
ಹೊಸ ಹುಡುಗ ಹತ್ತು ನಿಮಿಷ ಬೇಗ ಬಿಟ್ಟಿದಾನೆ,
ಕತ್ತಲಲ್ಲಿ ಇವರು.
ನಾನು ಏಳಲಿಲ್ಲ.
ಇಲ್ಲಿಗೆ ಬರೋ ಮುಂಚೆ
ಎಷ್ಟು ದೂರ ಹಿಂದೆ ಹೋಗಿತ್ತೋ ಅಂತ
ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾ ಬಿದ್ದುಕೊಂಡಿದ್ದೆ.